ಹದಿನೇಳನೆಯ ಸಿಸ್ಟಂ

ಹನ್ನೊಂದನೆಯ ಸಿಸ್ಟಂ ಮುಗಿಯಿತು. ಸ್ನೇಹಲತಾ ಕುರ್ಚಿಯಿಂದ ಏಳದೆ, ಕೂತಂತೆಯೇ ಕಾಲಿನಿಂದ ನೆಲವನ್ನೊತ್ತಿ ಹನ್ನೆರಡನೆಯದರ ಮುಂದೆ ಜಾರಿದಳು. ಲ್ಯಾಬಿನ ಬಾಗಿಲ ಪಕ್ಕದ ತನ್ನ ಮೇಜಿನಲ್ಲಿ ಕೂತಿದ್ದ ಜೀವಂಧರ ಗೋಡೆಯ ಗಡಿಯಾರ ನೋಡಿದ. ಹತ್ತು ಗಂಟೆ. ಒಂದೊಂದಕ್ಕೆ ಹತ್ತು ನಿಮಿಷ ಹಿಡಿದರೂ ಹನ್ನೊಂದಕ್ಕೆಲ್ಲ ಇವಳು ಹದಿನೇಳಕ್ಕೆ ಬಂದುಬಿಡುತ್ತಾಳೆ. ಬರಲಿ, ಬಂದರೇನು, ಅದೂ ಉಳಿದ ಇಪ್ಪತ್ತೊಂಬತ್ತರ ಹಾಗೆ ಒಂದು ಡಬ್ಬ, ಎಂದುಕೊಂಡ. ಅಂದುಕೊಳ್ಳುವಾಗಲೇ ಕೈ ತನ್ನಷ್ಟಕ್ಕೆ ಹಾಜರಿ ಪುಸ್ತಕವನ್ನು ಎಳೆದುಕೊಂಡು, ಮೇಜಿನ ಅಂಚಿಗೆ ಸಮನಾಗಿ ಇಟ್ಟು, ಮತ್ತೆ ಓರೆ ಮಾಡಿ, ಮತ್ತೆ ಸಮ ಮಾಡಿತು. ಬೆಳಿಗ್ಗೆ ಅನಂತಮತಿ ಬಡಿಸಿದ ಮೂರು ಇಡ್ಲಿಯಲ್ಲಿ ಒಂದೂವರೆಯನ್ನು ತಟ್ಟೆಯಲ್ಲೇ ಬಿಟ್ಟು ಬಂದಿದ್ದ. ಒಂಬತ್ತು ದಿನದಿಂದ ಹೀಗೇ. ಹೆಂಡತಿ ಮೊದಲೆರಡು ದಿನ ಏನಾಯಿತೆಂದು ಕೇಳಿದ್ದಳು. ಈಗ ಕೇಳುವುದನ್ನು ಬಿಟ್ಟು, ಅವನು ಬಿಟ್ಟದ್ದನ್ನು ತಾನೇ ತಿಂದು ತಟ್ಟೆ ತೊಳೆಯುತ್ತಿದ್ದಳು.

ಲ್ಯಾಬಿನಲ್ಲಿ ಮೂವತ್ತು ಸಿಸ್ಟಂಗಳು. ಪ್ರತಿಯೊಂದರಲ್ಲೂ ಹೊರಗೆ ವಿಂಡೋಸ್, ಅದರ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು. ಆ ಒಳಗಿನದು ನಿಜವಾಗಿ ಇರುವುದಿಲ್ಲ, ಇದ್ದ ಹಾಗೆ ನಡೆಯುತ್ತದೆ. ಅದಕ್ಕೆ ವರ್ಚುಯಲ್ ಮೆಷಿನ್ ಎಂದು ಹೆಸರು. ಅದರಲ್ಲಿ ಲಿನಕ್ಸ್. ಹುಡುಗರು ಪ್ರೋಗ್ರಾಂ ಬರೆಯುವುದು ಒಳಗಿನ ಲಿನಕ್ಸಿನಲ್ಲಿ, ಮೇಷ್ಟ್ರುಗಳು ಅದನ್ನು ತೆಗೆದುಕೊಂಡು ಅಂಕ ಹಾಕುವುದು ಹೊರಗಿನ ವಿಂಡೋಸಿನಲ್ಲಿ. ಎರಡಕ್ಕೂ ಮಾತುಕತೆಯೇ ಇಲ್ಲ. ನಡುವೆ ಒಂದು ಶೇರ್ಡ್ ಫೋಲ್ಡರ್ ಇಟ್ಟು, ಅದನ್ನು ಒಳಗಿನಿಂದ ಯಾರಾದರೂ ಜೋಡಿಸಬೇಕು. ಆ ಜೋಡಿಸುವ ಕೆಲಸಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ. ಸಂಜೆ ಸಿಸ್ಟಂ ಆಫ್ ಮಾಡಿದರೆ ಜೋಡಣೆ ಬಿಟ್ಟುಹೋಯಿತು, ಬೆಳಿಗ್ಗೆ ಮತ್ತೆ ಮೊದಲಿನಿಂದ. ಹತ್ತು ವರ್ಷದಿಂದ ಆ 'ಯಾರಾದರೂ' ಜೀವಂಧರನೇ. ಚನ್ನರಾಯಪಟ್ಟಣದಲ್ಲಿ ಏಳರ ಬಸ್ಸು ಹಿಡಿದು, ಹಾಸನದಲ್ಲಿ ಇಳಿದು, ಎಂಟೂಕಾಲಿಗೆ ಲ್ಯಾಬಿನ ಬೀಗ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಒಂದರಿಂದ ಮೂವತ್ತರವರೆಗೆ ಪ್ರತಿಯೊಂದರ ಮುಂದೆಯೂ ಸೊಂಟ ಬಗ್ಗಿಸಿ ನಿಂತು ಅದೇ ಒಂದು ಸಾಲನ್ನು ಟೈಪ್ ಮಾಡುವುದು, ಪಾಸ್‌ವರ್ಡ್ ಕೊಡುವುದು, ಮುಂದಿನದಕ್ಕೆ ಹೋಗುವುದು. ಆ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು. ಹುಡುಗರು ಬೆನ್ನ ಹಿಂದೆ ಅವನನ್ನು ಮೌಂಟ್ ಸಾರ್ ಎನ್ನುತ್ತಿದ್ದರು. ಕೇಳಿಸಿದರೂ ಕೇಳಿಸದ ಹಾಗೆ ಇರುತ್ತಿದ್ದ; ಒಳಗೊಳಗೇ ಹಿತವೆನಿಸುತ್ತಿತ್ತು. ತಾನು ಒಂದು ದಿನ ಬರದಿದ್ದರೆ ಇಡೀ ವಿಭಾಗವೇ ಕೈಕಟ್ಟಿ ಕೂರಬೇಕು ಎಂಬ ಯೋಚನೆ ಬಸ್ಸಿನಲ್ಲಿ ನಿಂತೇ ಬರುವ ದಿನವೂ ಕಾಲು ನೋವನ್ನು ಮರೆಸುತ್ತಿತ್ತು.

ಈಗ ಆ ಕೆಲಸವನ್ನೇ ಇಲ್ಲವಾಗಿಸುತ್ತಿದ್ದಾಳೆ ಈ ಹುಡುಗಿ. ಅರಕಲಗೂಡಿನ ಕಡೆಯವಳು, ಹೊಳೆನರಸೀಪುರದಲ್ಲಿ ಡಿಪ್ಲೊಮಾ ಮಾಡಿ, ಕಾಂಟ್ರ್ಯಾಕ್ಟ್ ಮೇಲೆ ಬಂದು ಎರಡು ತಿಂಗಳಾಗಿತ್ತು. ಸಿಸ್ಟಂ ಎದ್ದಾಗ ಫೋಲ್ಡರ್ ತಾನೇ ಮೌಂಟ್ ಆಗುವ ಹಾಗೆ ಮಾಡೆಂದು ಎಚ್.ಓ.ಡಿ. ಅರುಣ್‌ಕುಮಾರ್ ಅವಳಿಗೆ ಹೇಳಿದ್ದು ಜೀವಂಧರನ ಎದುರಿಗೇ. ಅವನ ಕಡೆ ನೋಡಲೂ ಇಲ್ಲ. ಹೊಟ್ಟೆ ಉರಿಯಬೇಕಿತ್ತು, ಉರಿಯಲಿಲ್ಲ, ಅದೇ ಅವನಿಗೆ ಆಶ್ಚರ್ಯ. ಅವಳು ಕೆಲಸ ಮಾಡುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರ ಬಂದರೆ ಅವನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದದ್ದು ಒಂದೇ, ಕಣ್ಣು ಮುಚ್ಚಿ ಆಫ್ ಮಾಡಿ ಆನ್ ಮಾಡುವುದು. ಅವಳು ಕೆಂಪು ಅಕ್ಷರ ಬಂದರೆ ಮುಂದಕ್ಕೆ ಬಾಗುತ್ತಿದ್ದಳು. ಊರಿಂದ ಬಂದ ಕಾಗದ ಓದುವವರ ಹಾಗೆ ಮೊದಲಿನಿಂದ ಕೊನೆಯವರೆಗೆ ತುಟಿ ಅಲುಗಿಸುತ್ತಾ ಓದುತ್ತಿದ್ದಳು. ಓದಿ ಮುಗಿಸಿ, ಸರಿ ಹಾಗಾದರೆ, ಎನ್ನುತ್ತಿದ್ದಳು, ಯಂತ್ರಕ್ಕೆ. ಎಂತಹ ಸಮಾಧಾನ ಅದು. ಅಂತಹ ಸಮಾಧಾನ ತನಗೆ ಯಾರೂ ಕಲಿಸಲಿಲ್ಲವಲ್ಲ ಎಂದುಕೊಂಡಿದ್ದ ಐವತ್ತೊಂದರ ಜೀವಂಧರ.

ಅವನೂ ಒಮ್ಮೆ ಪ್ರಯತ್ನಪಟ್ಟವನೇ. ಕೊರೊನಾದ ಹಿಂದಿನ ವರ್ಷ ಎಲ್ಲೋ ಓದಿ, ಸಿಸ್ಟಂ ಏಳುವಾಗ ತಾನೇ ಓದಿಕೊಳ್ಳುವ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದ್ದ. ಒಂದರಲ್ಲಿ ಸರಿಹೋಯಿತೆಂದು ಅದೇ ಹುಮ್ಮಸ್ಸಿನಲ್ಲಿ ಮೂವತ್ತಕ್ಕೂ ಸೇರಿಸಿದ. ಮರುದಿನ ವಿಶ್ವವಿದ್ಯಾಲಯದಿಂದ ತಪಾಸಣೆಯ ತಂಡ. ಮೂವತ್ತು ಲಿನಕ್ಸ್‌ಗಳೂ ಅರ್ಧಕ್ಕೆ ಎದ್ದು, ಕಪ್ಪು ಪರದೆಯಾಗಿ, ಏನನ್ನೋ ಕಾಯುತ್ತಾ ನಿಂತುಬಿಟ್ಟವು. ಟೈ ಕಟ್ಟಿದ ನಾಲ್ವರು, ಹಿಂದೆ ಪ್ರಿನ್ಸಿಪಾಲರು, ನಡುವೆ ಬೆವರುತ್ತಾ ಇವನು. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದು ಎಂದು ಆಗಿನ ಎಚ್.ಓ.ಡಿ. ಎಲ್ಲರೆದುರಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿತ್ತು. ಆವತ್ತೇ ಆ ಸಾಲಿನ ಮುಂದೆ ಹ್ಯಾಷ್ ಗುರುತು ಹಾಕಿ ಅದರ ಬಾಯಿ ಮುಚ್ಚಿಸಿದ್ದ. ಮಾರನೆಯ ದಿನದಿಂದ ಮತ್ತೆ ಸೊಂಟ ಬಗ್ಗಿಸಿದ್ದ. ಇವತ್ತು ಬೆಳಿಗ್ಗೆ ಒಂದನೆಯ ಸಿಸ್ಟಮ್ಮಿನಲ್ಲಿ ಸ್ನೇಹಲತಾ ಆ ಹಳೆಯ ಸಾಲನ್ನು ನೋಡಿ ಇದು ಯಾರದೆಂದು ಕೇಳಿದಾಗ ಬೆಳಗಿನ ಚಳಿಯಲ್ಲೂ ಅವನಿಗೆ ಬೆನ್ನು ಬಿಸಿಯಾಯಿತು. ನನ್ನದೇ, ತಪ್ಪು ಸಾಲು, ಅಳಿಸಿಬಿಡು, ಎಂದ.

"ತಪ್ಪೇನಿಲ್ಲ ಸರ್, ಸಾಲು ಸರಿಯಾಗೇ ಅದೆ," ಎಂದಳು ಅವಳು. "ಸಿಸ್ಟಂ ಪೂರ್ತಿ ಏಳೋಕೆ ಮುಂಚೆನೇ ಫೋಲ್ಡರ್ ಕೇಳ್ಬುಟ್ಟಿದೀರಿ. ಹೊರಗಡೆಯಿಂದ ತಂದ್ಕೊಡೋನು ಇನ್ನೂ ಎದ್ದೇ ಇರಲ್ಲ, ಕೊಡೋರು ಯಾರು? ಯಾರಾದ್ರೂ ಆ ಫೋಲ್ಡರ್ನ ಮುಟ್ಟಿದಾಗ ಮಾತ್ರ ಮೌಂಟ್ ಆಗು, ಸಿಗಲಿಲ್ಲ ಅಂದ್ರೆ ಸುಮ್ನೆ ಮುಂದಕ್ಕೋಗು, ಅಂತ ಒಂದೆರಡು ಪದ ಸೇರಿಸಿದ್ರೆ ಆಯ್ತು."

ಅಷ್ಟೇ. ಆರು ವರ್ಷದ ಅವಮಾನ ಎರಡು ಪದದ್ದು. ಅವಳು ಅವನ ಸಾಲನ್ನು ಅಳಿಸಲಿಲ್ಲ. ಹ್ಯಾಷ್ ಗುರುತನ್ನು ತೆಗೆದು, ಅದರ ತುದಿಗೇ ತನ್ನ ಪದಗಳನ್ನು ಸೇರಿಸಿ, ಸಿಸ್ಟಮ್ಮನ್ನು ಆಫ್ ಮಾಡಿ ಆನ್ ಮಾಡಿದಳು. ಲಿನಕ್ಸ್ ಎದ್ದಿತು. ಅವಳು ಫೋಲ್ಡರಿನ ಮೇಲೆ ಒಂದು ಕ್ಲಿಕ್ ಮಾಡಿದಳು. ಹೊರಗಿನ ಫೈಲುಗಳೆಲ್ಲ ಒಳಗೆ ಬಂದು ಸಾಲಾಗಿ ನಿಂತವು, ಯಾರೂ ಬಗ್ಗದೆ, ಯಾರೂ ಪಾಸ್‌ವರ್ಡ್ ಕೊಡದೆ. ಜೀವಂಧರ ಮತ್ತೊಂದು ಸಲ ಮಾಡಿ ತೋರಿಸೆಂದು ಕೇಳಿದ. ಅವಳು ನಗುತ್ತಾ ಮತ್ತೆ ಆಫ್ ಮಾಡಿ ಆನ್ ಮಾಡಿದಳು. ಮತ್ತೆ ಬಂದವು. ಎಷ್ಟು ಚೆನ್ನ, ಎಂದು ಬಾಯಿಬಿಟ್ಟೇ ಹೇಳಿದ.

ಆ ಖುಷಿ ಮೂರನೆಯ ಸಿಸ್ಟಮ್ಮಿನವರೆಗೆ ಮಾತ್ರ ಉಳಿಯಿತು. ಅವಳದೊಂದು ಪದ್ಧತಿ ಇತ್ತು. ಸಾಲು ಬರೆಯುವ ಮೊದಲು, ಬೆಳಿಗ್ಗೆ ಅವನು ಅಭ್ಯಾಸಬಲದಿಂದ ಮಾಡಿಟ್ಟಿದ್ದ ಮೌಂಟನ್ನು ಅವಳು ಬಿಚ್ಚುತ್ತಿದ್ದಳು; ಬಿಚ್ಚಿ, ಅದರ ಕೆಳಗಿರುವ ಬರೀ ಫೋಲ್ಡರನ್ನು ತೆರೆದು, ಖಾಲಿಯಿದೆಯೇ ಎಂದು ನೋಡುತ್ತಿದ್ದಳು. ಮೂರನೆಯದರಲ್ಲಿ ಏನೋ ಸಿಕ್ಕಿತು. ಎರಡು ವರ್ಷದ ಹಿಂದಿನ ಯಾರದೋ ಪ್ರೋಗ್ರಾಂ. ಅದು ಇಲ್ಲಿಗೆ ಹೇಗೆ ಬಂತೆಂದು ಅವನು ಕೇಳಿದ. ಅವಳು ಕುರ್ಚಿಯನ್ನು ಅವನ ಕಡೆ ತಿರುಗಿಸಿ, ಮಕ್ಕಳಿಗೆ ಹೇಳುವ ಧಾಟಿಯಲ್ಲಲ್ಲ, ಸಮಾನರಿಗೆ ಹೇಳುವ ಧಾಟಿಯಲ್ಲಿ ಹೇಳಿದಳು: ಮೌಂಟ್ ಮಾಡದೆ ಇದ್ದರೂ ಆ ಹೆಸರಿನ ಫೋಲ್ಡರ್ ಒಂದು ಒಳಗೆ ಇದ್ದೇ ಇರುತ್ತದೆ. ಹುಡುಗರಿಗೆ ವ್ಯತ್ಯಾಸ ಕಾಣುವುದಿಲ್ಲ, ಅದರೊಳಗೇ ಸೇವ್ ಮಾಡುತ್ತಾರೆ. ಆಮೇಲೆ ಯಾರಾದರೂ ಮೌಂಟ್ ಮಾಡಿದರೆ ಹೊರಗಿನ ಫೋಲ್ಡರ್ ಬಂದು ಅದರ ಮೇಲೆ ಕೂತುಕೊಳ್ಳುತ್ತದೆ, ನೆಲದ ಮೇಲೆ ಚಾಪೆ ಹಾಸಿದ ಹಾಗೆ.

"ಕೆಳಗಿರೋದು ಕಾಣಕ್ಕಿಲ್ಲ, ಅಷ್ಟೆ. ಎಲ್ಲೂ ಓಗಿರಲ್ಲ ಸರ್," ಎಂದಳು.

ಹತ್ತು ವರ್ಷ ಆ ಚಾಪೆಯನ್ನು ದಿನಕ್ಕೆ ಮೂವತ್ತು ಸಲ ಹಾಸಿದ ಜೀವಂಧರನಿಗೆ ಅದರ ಕೆಳಗೆ ನೆಲವಿದೆ ಎಂಬುದು ಹೊಳೆದಿರಲಿಲ್ಲ. ಹದಿನೇಳರಲ್ಲಿದ್ದದ್ದು ಅಳಿಸಿಹೋಗಿದೆ ಎಂದೇ ನಂಬಿದ್ದ. ಅಳಿಸಿಹೋದದ್ದನ್ನು ಹೇಳಿ ಏನು ಪ್ರಯೋಜನ, ಅಲ್ಲಿ ಟೆಸ್ಟು ಬರೆದ ಹುಡುಗಿಗೂ ಸಿಗುವುದಿಲ್ಲ, ತನಗೂ ಮರ್ಯಾದೆ ಉಳಿಯುವುದಿಲ್ಲ, ಎಂದು ಒಂಬತ್ತು ರಾತ್ರಿ ಮಗ್ಗುಲು ಬದಲಿಸಿದ್ದ. ಅದೊಂದೇ ಅವನಿಗಿದ್ದ ಸಮಾಧಾನ, ಅದೂ ಬೆಳಿಗ್ಗೆ ಒಂಬತ್ತಕ್ಕೆ ಮೂರನೆಯ ಸಿಸ್ಟಮ್ಮಿನ ಮುಂದೆ ಹೋಯಿತು.

ಒಂಬತ್ತು ದಿನದ ಹಿಂದೆ, ಬುಧವಾರ, ಶಾಂತಿಗ್ರಾಮದ ಹತ್ತಿರ ಬಸ್ಸು ಪಂಕ್ಚರ್ ಆಗಿ ನಿಂತಿತ್ತು. ಒಂಬತ್ತೂವರೆಗೆ ಲ್ಯಾಬ್ ಟೆಸ್ಟು, ಇವನು ಬೀಗ ತೆಗೆದದ್ದು ಒಂಬತ್ತು ಇಪ್ಪತ್ತಕ್ಕೆ. ಬಾಗಿಲಲ್ಲೇ ಹುಡುಗರ ಗುಂಪು. ಒಂದರಿಂದ ಹದಿನಾರರವರೆಗೆ ಓಡುತ್ತಾ ಮೌಂಟ್ ಮಾಡಿದ. ಅಷ್ಟರಲ್ಲಿ ಒಳಗೆ ನುಗ್ಗಿದ ಹುಡುಗರಲ್ಲಿ ದೀಪಶ್ರೀ ಎಂಬಾಕೆ ಹದಿನೇಳರ ಮುಂದೆ ಕೂತು, ಪೆನ್ನು, ಐ.ಡಿ. ಕಾರ್ಡು ಎಲ್ಲ ಒಪ್ಪವಾಗಿ ಇಟ್ಟುಕೊಂಡು, ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು. ನುಗ್ಗೇಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವ ಹುಡುಗಿ. ಏಳಮ್ಮ ಎನ್ನುವುದಕ್ಕೆ ಅವನಿಗೆ ಸಂಕೋಚವಾಯಿತು, ಆಮೇಲೆ ಬರೋಣವೆಂದು ಹದಿನೆಂಟಕ್ಕೆ ಹೋದ. ಆಮೇಲೆ ಎಂಬುದು ಟೆಸ್ಟು ಮುಗಿದ ಮೇಲೆ ಬಂತು. ಹುಡುಗರೆಲ್ಲ ಎದ್ದು ಹೋದಾಗ ಹದಿನೇಳರ ಮುಂದೆ ಬಂದು ನಿಂತು, ಅಯ್ಯೋ ಇದು ಬಿಟ್ಟುಹೋಗಿತ್ತಲ್ಲ ಎಂದು ನಾಲಿಗೆ ಕಚ್ಚಿಕೊಂಡು, ಆಚೀಚೆ ನೋಡಿ, ಆ ಸಾಲನ್ನು ಟೈಪ್ ಮಾಡಿದ. ಅರ್ಧ ಗಂಟೆಗೆ ಎಚ್.ಓ.ಡಿ. ಬಂದು ಇಪ್ಪತ್ತೊಂಬತ್ತು ಉತ್ತರ ಸಿಕ್ಕಿವೆ, ಹದಿನೇಳು ಖಾಲಿ, ಎಂದರು. ದೀಪಶ್ರೀಯನ್ನು ಕರೆಸಿದರು. ಅವಳು ಓಡಿಬಂದು ಫೋಲ್ಡರ್ ತೆರೆದಳು. ಏನೂ ಇರಲಿಲ್ಲ. ಇಲ್ಲೇ ಸೇವ್ ಮಾಡಿದೆ ಸರ್, ಎಂದಳು. ಮತ್ತೆ ಮುಚ್ಚಿ ತೆರೆದಳು. ಇಲ್ಲೇ ಸರ್, ಎಂದಳು. ಅರುಣ್‌ಕುಮಾರ್ ಇವನ ಕಡೆ ತಿರುಗಿ ಎಲ್ಲ ಸಿಸ್ಟಮ್ಮೂ ಮೌಂಟ್ ಆಗಿತ್ತಲ್ಲವೇ ಎಂದು ಕೇಳಿದರು. ಮುಂದಿನ ಬ್ಯಾಚಿನ ಮೂವತ್ತು ಜನ ಬಾಗಿಲಲ್ಲಿ ನಿಂತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಮೆಮೊ ಇಲ್ಲದ ಸರ್ವಿಸು. ಆಗಿತ್ತು ಸರ್, ಎಂದ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಇವನಿಗೆ ತಪ್ಪಿದ ದೊಣ್ಣೆ ಎರಡು ದಿನ ಕಳೆದು ಇನ್ನೊಬ್ಬರ ತಲೆಗೆ ಬಿತ್ತು. ಹುಡುಗಿಯ ತಂದೆಯನ್ನು ಕರೆಸಿದರು. ಕೃಷ್ಣಪ್ಪ, ತೆಂಗು ರಾಗಿ ಇಟ್ಟುಕೊಂಡ ಗಟ್ಟಿ ಮನುಷ್ಯ. ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಆಳು ಎಂದು ಅಂಗಿಯ ಇಸ್ತ್ರಿಯೇ ಹೇಳುತ್ತಿತ್ತು. ಎಚ್.ಓ.ಡಿ. ಕೋಣೆಯಲ್ಲಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಟೆಸ್ಟು ಬರೆಯದೆಯೇ ಬರೆದೆನೆಂದು ಹೇಳುತ್ತಿದ್ದಾಳೆ, ಅಂಕ ಸೊನ್ನೆ, ಹೀಗಾದರೆ ಪರೀಕ್ಷೆಗೆ ಕೂರುವ ಹಾಗಿಲ್ಲ, ಒಂದು ವರ್ಷ ಹೋಗುತ್ತದೆ, ಎಂದು ಅರುಣ್‌ಕುಮಾರ್ ವಿವರಿಸಿ, ಸಾಕ್ಷಿಗೆಂದು ಜೀವಂಧರನನ್ನು ಕರೆದರು. ಕೃಷ್ಣಪ್ಪ ಎಲ್ಲರನ್ನೂ ಬಿಟ್ಟು ಇವನನ್ನು ಕೇಳಿದರು, ನೀವೇ ಯೋಳಿ ಮೇಷ್ಟ್ರೇ, ಅಂತ. ಇವನು ನೆಲ ನೋಡಿಕೊಂಡು ಫೋಲ್ಡರ್ ಸರಿಯಾಗಿತ್ತು ಎಂದ. ಕೃಷ್ಣಪ್ಪ ಮಗಳ ಕಡೆ ತಿರುಗಿದರು. ಬೈಯಲಿಲ್ಲ, ಕೈಯೆತ್ತಲಿಲ್ಲ.

"ಮೇಷ್ಟ್ರು ಯಾಕವ್ವ ಸುಳ್ಳೇಳ್ತಾರೆ? ಅವ್ರಿಗೇನು ಬಂದದೆ ಅದ್ರಿಂದ?" ಎಂದರು.

ಬಿಳಿ ಹಾಳೆಯ ಮೇಲೆ ಇನ್ನು ಮುಂದೆ ಸುಳ್ಳು ಹೇಳುವುದಿಲ್ಲವೆಂದು ಹುಡುಗಿ ಬರೆದುಕೊಟ್ಟಳು, ಅಪ್ಪ ಕೆಳಗೆ ಸಹಿ ಮಾಡಿದರು. ಅಕ್ಷರಗಳು ಲ್ಯಾಬ್ ರೆಕಾರ್ಡಿನಲ್ಲಿ ಬರೆಯುವಷ್ಟೇ ದುಂಡಗಿದ್ದವು. ಕೊಟ್ಟು ಹೋಗುವಾಗ ಜೀವಂಧರನನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಅವನು ತಡೆದುಕೊಳ್ಳಬಹುದಿತ್ತು. ಅವಳು ಏನನ್ನೋ ಅರ್ಥ ಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದಳು. ಆವತ್ತಿನಿಂದ ಅಪ್ಪ ಮಗಳನ್ನು ಮಾತಾಡಿಸಿಲ್ಲವೆಂದು ಅವಳ ಗೆಳತಿಯರು ಲ್ಯಾಬಿನಲ್ಲಿ ಪಿಸುಗುಟ್ಟಿದ್ದು ಅವನ ಕಿವಿಗೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ಯಾರು ಪಿಸುಗುಟ್ಟಿದರೂ ತನ್ನ ಬಗ್ಗೆಯೇ ಅನ್ನಿಸುತ್ತಿತ್ತು. ಪ್ರತಿ ವರ್ಷ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳನ್ನು ಮನ್ನಿಸಿ ಎಂದು ಎಲ್ಲರಿಗೂ ಕೈಮುಗಿಯುವುದು ಅವನ ಮನೆಯ ಪದ್ಧತಿ. ಎರಡು ತಿಂಗಳ ಹಿಂದೆ ಈ ವರ್ಷದ್ದನ್ನು ವಾಟ್ಸಾಪಿನಲ್ಲಿ ಇನ್ನೂರು ಚಿಲ್ಲರೆ ಜನಕ್ಕೆ ಕಳಿಸಿ, ಬಂದ ಹೆಬ್ಬೆಟ್ಟುಗಳನ್ನು ನೋಡಿ ನಿರಾಳವಾಗಿ ಮಲಗಿದ್ದ. ಆಗ ಯಾರಿಗೂ ಏನೂ ಮಾಡಿರಲಿಲ್ಲ, ಕೇಳುವುದು ಎಷ್ಟು ಸುಲಭವಾಗಿತ್ತು.

ಹದಿನೈದು ಮುಗಿಯಿತು. ಹದಿನಾರರಲ್ಲಿ ಅವಳು ಮೌಂಟ್ ಬಿಚ್ಚಿದಳು, ಖಾಲಿ, ಸಾಲು ಬರೆದಳು, ಆಫ್ ಮಾಡಿದಳು. ಇವತ್ತು ಶುಕ್ರವಾರ, ಸಂಜೆ ನಾಲ್ಕಕ್ಕೆ ಆಂತರಿಕ ಅಂಕಗಳ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಹೋದರೆ ಆಯಿತು, ತಿದ್ದುವ ಹಾಗಿಲ್ಲ. ಹದಿನೇಳನ್ನು ನಾನೇ ಮಾಡುತ್ತೇನೆ ಎಂದು ಹೇಳಿದರೆ ಹೇಗೆ? ಏನೆಂದುಕೊಳ್ಳುತ್ತಾಳೆ? ಏನೂ ಅಂದುಕೊಳ್ಳುವುದಿಲ್ಲ, ಸಂತೋಷವಾಗಿ ಬಿಟ್ಟುಕೊಡುತ್ತಾಳೆ, ಮುದುಕ ಕಲಿಯುತ್ತಿದ್ದಾನೆಂದು. ಅದನ್ನು ನೆನೆದೇ ಅವನಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಸ್ನೇಹಲತಾ ತಾನೇ ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಿ, ಕ್ಯಾಂಟೀನಿನಿಂದ ಟೀ ತರುತ್ತೇನೆ, ನಿಮಗೂ ತರಲೇ ಎಂದು ಕೇಳಿದಳು. ತಾ, ಎಂದ. ಅವಳ ಚಪ್ಪಲಿ ಸದ್ದು ಮೆಟ್ಟಿಲು ಇಳಿಯುವವರೆಗೆ ಕಾದ.

ಹದಿನೇಳರ ಕುರ್ಚಿ ಇನ್ನೂ ಹುಡುಗಿಯರ ಎತ್ತರಕ್ಕೆ ತಗ್ಗಿಸಿದಂತೆ ಇತ್ತು. ಕೂತ. ಮೌಂಟ್ ಬಿಚ್ಚುವುದನ್ನು ಬೆಳಿಗ್ಗೆಯಿಂದ ಹದಿನಾರು ಸಲ ನೋಡಿದ್ದರಿಂದ ಬೆರಳಿಗೆ ಬಂದಿತ್ತು. ಬಿಚ್ಚಿದ. ಫೋಲ್ಡರಿನಲ್ಲಿ ಏನಿದೆ ಎಂದು ಕೇಳಿದ. ಒಂದೇ ಒಂದು ಹೆಸರು ಬಂತು, ಅವಳದ್ದು, ಪಕ್ಕದಲ್ಲಿ ಆ ಬುಧವಾರದ ತಾರೀಖು, ಹತ್ತು ಗಂಟೆ ನಲವತ್ತೆರಡು ನಿಮಿಷ. ಒಂಬತ್ತು ದಿನ ಅದು ಅಲ್ಲೇ ಇತ್ತು, ಅವನು ಪ್ರತಿ ಬೆಳಿಗ್ಗೆ ಅದರ ಮೇಲೆ ಚಾಪೆ ಹಾಸುತ್ತಿದ್ದ. ಆಮೇಲೆ ಏನಾಯಿತೆಂದು ಅವನಿಗೆ ಸರಿಯಾಗಿ ತಿಳಿಯಲಿಲ್ಲ. ನೋಡುವಾಗ ಪರದೆಯ ಮೇಲೆ ಆರ್ ಮತ್ತು ಎಂ ಎಂಬ ಎರಡು ಅಕ್ಷರ, ಅದರ ಮುಂದೆ ಅವಳ ಫೈಲಿನ ಹೆಸರು ಇತ್ತು. ಆ ಎರಡಕ್ಷರ ಎಂದರೆ ಅಳಿಸು. ತಾನೇ ಟೈಪ್ ಮಾಡಿದ್ದ. ಎಂಟರ್ ಒತ್ತಿದರೆ ಮುಗಿಯಿತು; ಸ್ನೇಹಲತಾ ಬಂದು ನೋಡಿದರೆ ಹದಿನೇಳೂ ಖಾಲಿ. ಇರುವೆಯನ್ನು ತುಳಿದೇವೆಂದು ನೆಲ ನೋಡಿ ನಡೆಯುವವರ ಮನೆಯಲ್ಲಿ ಹುಟ್ಟಿದವನ ಕಿರುಬೆರಳು ಎಂಟರ್ ಕೀಲಿಯ ಮೇಲೆ ನಿಂತಿತ್ತು.

ಒತ್ತುವ ಮೊದಲು ಒಮ್ಮೆ ಓದೋಣ ಎನ್ನಿಸಿತು. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು ಫೈಲನ್ನು ತೆಗೆದ. ಒಂದೇ ಪ್ರೊಸೆಸರಿಗಾಗಿ ಕಾಯುತ್ತಿರುವ ಹಲವು ಕೆಲಸಗಳಿಗೆ ಸರದಿ ಹಂಚುವ ಪ್ರೋಗ್ರಾಂ. ಒಬ್ಬರೇ ಹೊತ್ತೆಲ್ಲ ಹಿಡಿದುಕೊಳ್ಳದ ಹಾಗೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಮಯ ಕೊಟ್ಟು ಸುತ್ತು ಬರುವುದು. ಇಪ್ಪತ್ತೆರಡು ವರ್ಷ ಲ್ಯಾಬಿನಲ್ಲಿದ್ದೂ ಅವನು ಹುಡುಗರ ಪ್ರೋಗ್ರಾಂ ಒಂದನ್ನೂ ಮೊದಲಿನಿಂದ ಕೊನೆಯವರೆಗೆ ಓದಿರಲಿಲ್ಲ, ಅದು ಅವನ ಕೆಲಸವಾಗಿರಲಿಲ್ಲ. ಸ್ನೇಹಲತಾ ಓದುವ ಹಾಗೆ ತುಟಿ ಅಲುಗಿಸುತ್ತಾ ಓದಿದ. ಹೆಚ್ಚಿನ ಹುಡುಗರು ಬಾಯಿಪಾಠ ಮಾಡಿ ಕಕ್ಕುತ್ತಾರೆ ಎಂದು ಮೇಷ್ಟ್ರುಗಳು ಹೇಳುವುದನ್ನು ಕೇಳಿದ್ದ. ಇದು ಬಾಯಿಪಾಠವಲ್ಲ. ಒಂದು ಕಡೆ ಬೇರೆ ದಾರಿ ಹಿಡಿದು, ಅದು ಸರಿಬರದೆ, ಅದನ್ನು ಬಿಟ್ಟು, ಹೊಸ ದಾರಿ ಯಾಕೆ ಹಿಡಿದೆ ಎಂದು ಒಂದು ಸಾಲಿನಲ್ಲಿ ಬರೆದಿಟ್ಟಿದ್ದಳು. ಸಾಲುಗಳು ಕಳೆ ಕಿತ್ತ ಮಡಿಯ ಹಾಗೆ ಶುಭ್ರವಾಗಿದ್ದವು. ಅವನು ಪ್ರೋಗ್ರಾಮನ್ನು ಓಡಿಸಿದ. ಐದು ಕೆಲಸಗಳು ಸರದಿಯಲ್ಲಿ ಬಂದು ಹೋದವು, ಯಾವುದೂ ಉಳಿಯಲಿಲ್ಲ, ಕೊನೆಯಲ್ಲಿ ಉತ್ತರ ಬಂತು, ಸರಿಯಾದ ಉತ್ತರ. ಒಬ್ಬನೇ ಕೂತಿದ್ದ ಲ್ಯಾಬಿನಲ್ಲಿ ಭೇಷ್ ಎಂದುಬಿಟ್ಟ. ಎಂಥ ಹುಡುಗಿ ಇವಳು. ಇಂಥದ್ದನ್ನು ಬರೆದಿಟ್ಟು ಎದ್ದವಳ ಕೈಯಿಂದ ತಾನು ಸುಳ್ಳಿ ಎಂದು ಬರೆಸಿಕೊಂಡರು, ಅದೂ ಅಷ್ಟು ದುಂಡಗೆ.

ಹಿಂದಿನಿಂದ ಟೀ ವಾಸನೆ ಬಂತು. ಸ್ನೇಹಲತಾ ಎರಡು ಲೋಟ ಹಿಡಿದು ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಪರದೆಯ ಒಂದು ಕಡೆ ಪ್ರೋಗ್ರಾಂ, ಇನ್ನೊಂದು ಕಡೆ ಅಳಿಸುವ ಸಾಲು, ಹಾಗೇ ಇತ್ತು. ಅವಳು ಹೆಸರನ್ನು ಓದಿದಳು, ತಾರೀಖನ್ನು ಓದಿದಳು, ಆ ಎರಡಕ್ಷರವನ್ನೂ ಓದಿದಳು. ಪೂರ್ತಿ ಓದದೆ ಬಿಡುವವಳಲ್ಲ. ಲೋಟವನ್ನು ಅವನ ಪಕ್ಕ ಇಟ್ಟಳು.

"ನಾನೇನೂ ನೋಡ್ಲಿಲ್ಲ ಬುಡಿ ಸರ್," ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ಮಗಳ ವಯಸ್ಸಿನವಳಿಂದ ಇಂಥ ದಯೆ ಪಡೆಯುವ ಗತಿ ಬಂತಲ್ಲ ಎಂದು ಕಿವಿ ಕಾದವು. ನೋಡಿದ್ದೀಯಮ್ಮ, ನೋಡಿದೆ ಅಂತಲೇ ಇಟ್ಟುಕೋ, ಎಂದ. ಅಳಿಸುವ ಸಾಲನ್ನು ಒಂದೊಂದೇ ಅಕ್ಷರ ಹಿಂದಕ್ಕೆ ತೆಗೆದ. ಎಚ್.ಓ.ಡಿ.ಯನ್ನು ಕರೆದುಕೊಂಡು ಬಾ, ಎಂದ. ಅವಳು ಹೋದ ಮೇಲೆ ಟೀ ಕುಡಿದ. ಒಂಬತ್ತು ದಿನದಲ್ಲಿ ಮೊದಲ ಸಲ ಒಂದು ಲೋಟವನ್ನು ಪೂರ್ತಿ ಖಾಲಿ ಮಾಡಿದ್ದು ಅದು.

ಅರುಣ್‌ಕುಮಾರ್ ಕೆಟ್ಟ ಮನುಷ್ಯರಲ್ಲ. ಬಂದರು, ಕನ್ನಡಕ ಏರಿಸಿ ನೋಡಿದರು, ಸಮಯವನ್ನು ಎರಡು ಸಲ ಓದಿದರು, ಅವರ ಮುಖವೂ ಸ್ವಲ್ಪ ಬಿಳಿಚಿತು. ಆ ಬಿಳಿ ಹಾಳೆ ಅವರ ಕಪಾಟಿನಲ್ಲಿತ್ತು. ಆದರೆ ಹುದ್ದೆಯಲ್ಲಿರುವವರು ಬೇಗ ಚೇತರಿಸಿಕೊಳ್ಳುತ್ತಾರೆ. ಇದು ಟೆಕ್ನಿಕಲ್ ಫಾಲ್ಟ್, ಹಾಗೆ ಒಂದು ನೋಟ್ ಹಾಕಿ ಅಂಕ ಕೊಟ್ಟುಬಿಡೋಣ, ನಾಲ್ಕರೊಳಗೆ ಅಪ್‌ಲೋಡ್ ಆಗುತ್ತದೆ, ಯಾರ ಹೆಸರೂ ಬೇಡ, ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸರ್, ಅವತ್ತು ನಾನು, ಎಂದು ಜೀವಂಧರ ಶುರುಮಾಡಿದ. ಅವರು ಅಂಗೈ ಎತ್ತಿ ತಡೆದರು. ಯಂತ್ರ ಅಂದಮೇಲೆ ಇದೆಲ್ಲ ಇದ್ದದ್ದೇ ಜೀವಂಧರ್, ಎಂದರು. ದೀಪಶ್ರೀಯನ್ನು ಕರೆಸಿ, ಪ್ರೋಗ್ರಾಂ ಓಡಿಸಿ ನೋಡಿ, ಚೆನ್ನಾಗಿ ಬರೆದಿದ್ದೀಯ, ಸಿಸ್ಟಮ್ಮಿನ ದೋಷದಿಂದ ಸಿಕ್ಕಿರಲಿಲ್ಲ, ನಿನ್ನ ಅದೃಷ್ಟ ಇವತ್ತು ಸಿಕ್ಕಿತು, ಎಂದರು. ಐವತ್ತಕ್ಕೆ ನಲವತ್ತೆಂಟು ಕೊಟ್ಟು, ಅವಳೆದುರಿಗೇ ಬರೆದು, ಪಟ್ಟಿ ಹಿಡಿದು ಹೊರಟುಹೋದರು.

ದೀಪಶ್ರೀ ಹೋಗಲಿಲ್ಲ. ಬ್ಯಾಗನ್ನು ಎದೆಗೆ ಅವುಚಿಕೊಂಡು ಹದಿನೇಳರ ಮುಂದೆಯೇ ನಿಂತಿದ್ದಳು. ಸ್ನೇಹಲತಾ ಹದಿನೆಂಟಕ್ಕೆ ಜಾರಿ, ಬೆನ್ನು ತಿರುಗಿಸಿ ಕೂತಳು.

"ಸರ್," ಎಂದಳು ಹುಡುಗಿ, "ಅವತ್ತು ನಿಮಗೆ ಗೊತ್ತಿತ್ತಾ?"

ಅವಳು ಸಿಟ್ಟಿನಿಂದ ಕೇಳಲಿಲ್ಲ. ಆವತ್ತು ಅರ್ಥವಾಗದೆ ಹೋದದ್ದನ್ನು ಅರ್ಥ ಮಾಡಿಕೊಳ್ಳಲು ಬಂದಿದ್ದಳು, ಅವಳ ಪ್ರೋಗ್ರಾಮಿನಲ್ಲಿ ಸರಿಬರದ ದಾರಿಯನ್ನು ಯಾಕೆ ಬಿಟ್ಟೆ ಎಂದು ಬರೆದಿಟ್ಟವಳಲ್ಲವೇ. ಇಲ್ಲಮ್ಮ, ಇವತ್ತೇ ಗೊತ್ತಾಯಿತು ಎನ್ನಬಹುದಿತ್ತು. ಅರ್ಧ ನಿಜವೂ ಆಗುತ್ತಿತ್ತು. ಫೈಲು ಉಳಿದಿದೆ ಎಂದು ಇವತ್ತೇ ಅಲ್ಲವೇ ತಿಳಿದದ್ದು. ಎಚ್.ಓ.ಡಿ. ಹಾಸಿಕೊಟ್ಟು ಹೋದ ದಾರಿ ಎದುರಿಗೇ ಇತ್ತು. ಅವಳ ಮುಖ ನೋಡಿದ. ಇಂಥವಳಿಗೆ ಅರ್ಧ ಕೊಡುವುದು ಅವನಿಂದ ಆಗಲಿಲ್ಲ.

"ಗೊತ್ತಿತ್ತಮ್ಮ," ಎಂದ. "ಹದಿನೇಳನ್ನ ನಾನು ಮೌಂಟ್ ಮಾಡೋದು ಮರೆತಿದ್ದೆ. ನೀನು ಎದ್ದು ಹೋದಮೇಲೆ ಮಾಡಿದೆ. ಮರೆತಿದ್ದು ಗೊತ್ತಿದ್ದೂ ಆಗಿತ್ತು ಅಂದೆ."

ಅವಳು ತಲೆಯಾಡಿಸಿದಳು, ಲೆಕ್ಕ ಸರಿಹೋದವರ ಹಾಗೆ. ಅಳುತ್ತಾಳೆ ಎಂದುಕೊಂಡ, ಅಳಲಿಲ್ಲ. ಕ್ಷಮೆಯ ಮಾತು ಅವನ ಬಾಯಿಯವರೆಗೆ ಬಂದಿತ್ತು, ಅವಳು ಅದಕ್ಕೆ ಸಮಯವನ್ನೇ ಕೊಡಲಿಲ್ಲ. ಬ್ಯಾಗಿನಿಂದ ಫೋನು ತೆಗೆದು, ಒಂದು ನಂಬರು ಒತ್ತಿ, ಅದು ರಿಂಗಾಗುತ್ತಿರುವಾಗಲೇ ಅವನ ಕಡೆ ಚಾಚಿದಳು.

"ನಮ್ಮಪ್ಪಂಗೆ ಹೇಳಿ ಸರ್. ಅಂಕ ಸಿಕ್ತು ಅಂತ ಬೇಡ. ಇದನ್ನ ಹೇಳಿ."

ಅವನು ಫೋನು ತೆಗೆದುಕೊಂಡ. ಅದು ಬೆಚ್ಚಗಿತ್ತು. ಆ ಕಡೆ ರಿಂಗು ಹೋಗುತ್ತಲೇ ಇತ್ತು, ಎತ್ತದಿದ್ದರೆ ಸಾಕು ಎಂದು ಒಂದು ಮನಸ್ಸು, ಎತ್ತಲಿ ಎಂದು ಇನ್ನೊಂದು. ಎತ್ತಿದರು. ಮಗಳ ನಂಬರು ನೋಡಿಯೂ ಅವರು ಮಾತಾಡಲಿಲ್ಲ, ಗಾಳಿಯ ಸದ್ದು, ದೂರದಲ್ಲಿ ಯಾರೋ ಕಾಯಿ ಸುಲಿಯುವ ಸದ್ದು ಮಾತ್ರ ಕೇಳಿಸಿತು. ಕೃಷ್ಣಪ್ಪನವರೇ, ನಾನು ಲ್ಯಾಬಿನ ಜೀವಂಧರ, ಎಂದ. ಕೂಡಲೇ ಆ ದನಿ ಎದ್ದು ನಿಂತಿತು.

"ಯೋಳಿ ಸಾ. ಮತ್ತೇನಾರ ತಪ್ಪು ಮಾಡವ್ಳಾ ಸಾ?"

ಇಲ್ಲ, ತಪ್ಪು ಅವಳದ್ದಲ್ಲ, ನನ್ನದು, ಅವಳು ಟೆಸ್ಟು ಬರೆದಿದ್ದಳು, ಎಂದ. ಕೃಷ್ಣಪ್ಪ ಮೆತ್ತಗೆ, ಮರ್ಯಾದೆಯಿಂದ, ಮಗೀನ ವರ್ಷ ಉಳಿಸಾಕೆ ಅಂತ ನೀವು ಅಂಗೆಲ್ಲ ತಲೆ ಮೇಲೆ ಆಕ್ಕಬಾರ್ದು ಸಾ, ದೊಡ್ಡೋರು ನೀವು, ಎಂದರು. ನಂಬಲಿಲ್ಲ. ಆವತ್ತು ಎಷ್ಟು ಸಲೀಸಾಗಿ ನಂಬಿದ್ದರು. ಜೀವಂಧರ ಗೋಡೆಗೆ ಕೈಯೂರಿದ. ಹದಿನೆಂಟರ ಮುಂದೆ ಸ್ನೇಹಲತಾಳ ಬೆನ್ನು ಅಲುಗಲಿಲ್ಲ, ದೀಪಶ್ರೀ ಅವನ ತುಟಿಯನ್ನೇ ನೋಡುತ್ತಿದ್ದಳು.

"ನಾನು ಸುಳ್ಳು ಹೇಳಿದೆ ಕೃಷ್ಣಪ್ಪನೋರೆ," ಎಂದ. "ನೀವು ನನ್ನನ್ನೇ ಕೇಳಿದ್ರಿ. ನಿಮ್ಮ ಎದುರಿಗೆ ನಿಂತ್ಕೊಂಡು ಸುಳ್ಳು ಹೇಳಿದೆ. ನಿಮ್ಮ ಮಗಳು ಹೇಳಿದ್ದೇ ನಿಜ."

ಕಾಯಿ ಸುಲಿಯುವ ಸದ್ದು ನಿಂತಿತು. ಲೈನು ಕಡಿದುಹೋಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿ, ಮತ್ತೆ ಇಟ್ಟುಕೊಂಡ.

"ಮಗೀಗೆ ಕೊಡು ಫೋನ," ಎಂದರು ಕೃಷ್ಣಪ್ಪ.